ತರ್ದವಾಡಿ ನಾಡಿನ ದೇವಭೋಗಗಳೂ ರಾಜಾಧಿಕಾರವೂ

ಕನ್ನಡ ಶಿಲಾಶಾಸನಗಳಲ್ಲಿ ‘ಭೋಗ’ವೆಂಬ ಶಬ್ದವು ಎರಡು ಅರ್ಥಗಳಲ್ಲಿ ಬರುತ್ತದೆ. ದೇವರಿಗೆ ಸಲ್ಲತಕ್ಕ ಸ್ನಾನ, ಗಂಧ, ವಸ್ತ್ರ, ಪುಷ್ಪ, ನೈವೇದ್ಯಗಳಿಗೆ ಅಂಗಭೋಗವೆಂದೂ, ದೇಗುಲದ ರಂಗದಲ್ಲಿ ನಡೆಯತಕ್ಕ ಗೀತ ವಾದ್ಯ ನೃತ್ಯಗಳಿಗೆ ರಂಗಭೋಗವೆಂದೂ ಹೆಸರು. ನೆಲದ ಉತ್ಪನ್ನವನ್ನು ಅನುಭವಿಸುವ ಒಡೆತನಕ್ಕೂ ಭೋಗವೆಂದೇ ಹೆಸರು. ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾಗಿ ಎಣಿಸುವ ಅಷ್ಟಭೋಗಗಳು ಈ ಎರಡನೆಯ ವರ್ಗದವು. ದೇವರು ಉಣ್ಣುವುದೂ ಒಡೆಯನು ಆಳುವುದೂ ಒಂದೇ ಧಾತುವಿನಿಂದ ಹುಟ್ಟಿದ ಮಾತಾಗಿರುವುದು ಆಕಸ್ಮಿಕವಲ್ಲ. ಭಟ್ಟಾರಕ, ಪರಮೇಶ್ವರ ಎಂಬ ಬಿರುದುಗಳನ್ನು ನೋಡಿದರೂ ಹೀಗೆಯೇ. ಕಲ್ಯಾಣದ ಚಾಳುಕ್ಯ ಚಕ್ರವರ್ತಿಯು ಪರಮೇಶ್ವರನು, ಪರಮಭಟ್ಟಾರಕನು. ಗುಡಿಯೊಳಗಿನ ಲಿಂಗವು ಪರಮೇಶ್ವರನು. ಬಸದಿಯ ಗುರುವು ಭಟ್ಟಾರಕನು. ಶಬ್ದಗಳು ಹೀಗೆ ಒಂದರ ಮೇಲೊಂದು ಬಿದ್ದಿರುವಲ್ಲಿ ಅಧಿಕಾರಗಳೂ ಹಾಗೆಯೇ ಬಿದ್ದಿದ್ದವೋ, ಅಥವಾ ಅವುಗಳ ನಡುವೆ ಗೆರೆಯೊಂದಿದ್ದಿತೋ ಎಂಬುದೇ ವಿಚಾರಣೀಯವಾದ ವಿಷಯ. ಇದಕ್ಕೆ ಇಂದಿನ ವಿಜಯಪುರ, ತಿಕೋಟಾ, ಬಬಲೇಶ್ವರ ತಾಲೂಕುಗಳ ಪ್ರದೇಶವು ಒಳ್ಳೆಯ ಸಾಮಗ್ರಿಯನ್ನೊದಗಿಸುತ್ತದೆ. ಭೀಮಾತೀರದ ತದ್ದೇವಾಡಿಯಿಂದ ಹೆಸರು ಪಡೆದ ತರ್ದವಾಡಿ ಸಾಸಿರ ನಾಡಿನ ನಡುಭಾಗವಿದು. ಕ್ರಿ. ಶ. 965ರ ನರಸಲಗಿಯ ಶಾಸನದಂತೆ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕೈಕೆಳಗೆ ಈ ನಾಡನ್ನು ಅಣುಗಜೀವಿತವಾಗಿ ಉಣ್ಣುತ್ತಿದ್ದ ತೈಲಪರಸನೇ 973ರಲ್ಲಿ ಆ ವಂಶವನ್ನು ಕೆಡಹಿ ಚಾಳುಕ್ಯರ ಸಿಂಹಾಸನವನ್ನು ಮರಳಿ ನಿಲ್ಲಿಸಿದನು. ಒಂದು ನಾಡಿನ ಭೋಗವು ಹೇಗೆ ಸಾಮ್ರಾಜ್ಯವಾಗಿ ಬೆಳೆಯಬಲ್ಲುದೆಂಬುದಕ್ಕೆ ಬೇರೆ ಉದಾಹರಣೆ ಬೇಡ.

ವಿಷಯವನ್ನು ಸ್ಪಷ್ಟಪಡಿಸುವುದಕ್ಕೆ ಪರದೇಶದ ಒಂದು ದೃಷ್ಟಾಂತವನ್ನು ಎದುರಿಗಿಟ್ಟುಕೊಳ್ಳುವುದು ಉಪಯುಕ್ತ. ಪ್ರಾಚೀನ ಈಜಿಪ್ತ ದೇಶದಲ್ಲಿ ದೇವರಿಗೆ ಬಲಿಯನ್ನು ಅರ್ಪಿಸುವ ಅಧಿಕಾರವು ತತ್ತ್ವತಃ ಒಬ್ಬನದೇ; ಅವನು ರಾಜನು. ಅಲ್ಲಿನ ದೇವಾಲಯಗಳ ಭಿತ್ತಿಗಳ ಮೇಲೆ ರೊಟ್ಟಿ, ಮದ್ಯ, ಧೂಪ, ವಸ್ತ್ರಗಳನ್ನು ಹಿಡಿದು ದೇವತೆಯ ಮುಂದೆ ನಿಂತವನು ಎಲ್ಲೆಲ್ಲಿಯೂ ರಾಜನೇ. ನಿತ್ಯವೂ ಗರ್ಭಗೃಹದ ಮುದ್ರೆಯನ್ನೊಡೆದು ಒಳಹೊಗುವವನು ಅರ್ಚಕನಾದರೂ, ತನ್ನನ್ನು ಅರಸನೇ ಕಳುಹಿಸಿರುವನೆಂದು ಹೇಳಿಕೊಂಡೇ ಅವನು ದೇವರ ಮುಖವನ್ನು ನೋಡಬೇಕು. ಸತ್ತವರ ಸಮಾಧಿಗಳಲ್ಲಿಯೂ ಇದೇ ಕ್ರಮ. ‘ಹೆತೆಪ್ ದಿ ನೇಸು’ ಎಂದು ಆರಂಭವಾಗುವ ಅಲ್ಲಿನ ಸೂತ್ರಕ್ಕೆ ‘ಅರಸನು ಕೊಡುವ ನೈವೇದ್ಯ’ವೆಂದರ್ಥ. ಅರಸನು ಒಸಿರಿಸ್ ಅಥವಾ ಅನುಬಿಸ್ ದೇವತೆಗೆ ಕೊಡುತ್ತಾನೆ, ಆ ದೇವತೆಯು ಮೃತನ ‘ಕಾ’ ಎಂಬ ಪ್ರಾಣರೂಪಕ್ಕೆ ರೊಟ್ಟಿಯನ್ನೂ ಮದ್ಯವನ್ನೂ ಎತ್ತುಗಳನ್ನೂ ಹಕ್ಕಿಗಳನ್ನೂ ಕೊಡುತ್ತದೆ. ಬಡ ಲಿಪಿಕಾರನೊಬ್ಬನು ತನ್ನ ತಂದೆಗೆ ಒಂದು ರೊಟ್ಟಿಯನ್ನು ಇಡಬೇಕಾದರೂ ಬಾಯಿಮಾತಿನಲ್ಲಿ ಅದು ಅರಸನ ಕೈಯನ್ನು ಹಾಯ್ದೇ ಹೋಗಬೇಕು. ಅರಸನು ದೇವರಿಗೆ ‘ಮಾಅತ್’ ಎಂಬ ಋತದೇವತೆಯ ಕಿರುಬಿಂಬವನ್ನೇ ಅರ್ಪಿಸುವ ಚಿತ್ರಗಳೂ ಹಲವಿವೆ. ಲೋಕದ ಧರ್ಮಸ್ಥಿತಿಯೇ ದೇವರ ಆಹಾರವೆಂದು ಇದರ ಭಾವ.

ಈ ಕಲ್ಪನೆಯ ಬಲವೂ ವೈಚಿತ್ರ್ಯವೂ ಅದರ ಕೊನೆಯ ಕಾಲದಲ್ಲಿ ತೋರಿಬರುತ್ತವೆ. ಗ್ರೀಕ ವಂಶದ ತೊಲೆಮಿಗಳೂ, ನೀಲನದಿಯ ದಡದಲ್ಲಿ ಎಂದೂ ಪೂಜೆಗೆ ನಿಲ್ಲದ ರೋಮದ ಚಕ್ರವರ್ತಿಗಳೂ ಆ ಭಿತ್ತಿಗಳ ಮೇಲೆ ಹಳೆಯ ಫರೋಗಳ ಉಡುಪಿನಲ್ಲಿ ನೈವೇದ್ಯ ಹಿಡಿದು ನಿಂತಿದ್ದಾರೆ. ಎಸ್ನಾದ ಗುಡಿಯಲ್ಲಿ ಕ್ರಿ. ಶ. ಮೂರನೆಯ ಶತಮಾನದ ಡೇಸಿಯಸನವರೆಗೂ ಈ ಸಾಲು ನಡೆಯುತ್ತದೆ. ದೆಂದೆರಾದಲ್ಲಂತೂ ರಾಜನಾಮವನ್ನು ಬರೆಯತಕ್ಕ ಅಂಡಾಕಾರದ ಕಟ್ಟುಗಳು ಕೆಲವೆಡೆ ಬರಿದಾಗಿಯೇ ಉಳಿದಿವೆ. ಅರಸನು ಯಾರೆಂಬುದು ನಿಶ್ಚಯವಾಗದಿದ್ದರೂ ಅರಸನು ಅರ್ಪಿಸುತ್ತಲೇ ಇರಬೇಕು! ವ್ಯಕ್ತಿಯಿಲ್ಲದೆಯೂ ಪದವಿಯು ಪೂಜೆಮಾಡಿತೆಂದು ಹೇಳಬೇಕಾಗುತ್ತದೆ.

ತರ್ದವಾಡಿ ನಾಡಿನ ಅರಸನು ಈ ಬಗೆಯವನಲ್ಲ. ಅವನು ಗರ್ಭಗೃಹದ ಅರ್ಚಕನಲ್ಲ, ಅರ್ಚಕನು ಅವನ ಪ್ರತಿನಿಧಿಯೂ ಅಲ್ಲ. ವೈದಿಕ ಯಜ್ಞದಲ್ಲಿ ರಾಜನು ಯಜಮಾನನು: ದ್ರವ್ಯವು ಅವನದು, ಫಲವೂ ಅವನದು, ಕ್ರಿಯೆ ಮಾತ್ರ ಋತ್ವಿಜರದು. 1997ರವರೆಗೆ ಇದೇ ಜಿಲ್ಲೆಗೆ ಸೇರಿದ್ದ ಬಾದಾಮಿಯಲ್ಲಿ ಒಂದನೆಯ ಪುಲಕೇಶಿಯು ಶಕ 465ರಲ್ಲಿ, ಎಂದರೆ ಕ್ರಿ. ಶ. 543ರಲ್ಲಿ, ಬಂಡೆಯ ಮೇಲೆ ಬರೆಯಿಸಿದ ಶಾಸನವು ಅವನನ್ನು ಅಶ್ವಮೇಧಾದಿ ಶ್ರೌತಕರ್ಮಗಳನ್ನು ಮಾಡಿದವನೆಂದು ಪರಿಚಯಿಸುತ್ತದೆ. ಮೂವತ್ತೈದು ವರ್ಷಗಳ ತರುವಾಯ, ಶಕ 500ರಲ್ಲಿ, ಅವನ ಮಗ ಮಂಗಲೇಶನು ಅದೇ ಊರಿನ ಮೂರನೆಯ ಗುಹೆಯ ವಿಷ್ಣುಗೃಹವನ್ನು ಮುಗಿಸಿ, ನಾರಾಯಣಬಲಿಗಾಗಿಯೂ ಪ್ರತಿದಿನ ಹದಿನಾರು ಮಂದಿ ಬ್ರಾಹ್ಮಣರ ಊಟಕ್ಕಾಗಿಯೂ ಒಂದು ಗ್ರಾಮವನ್ನು ಬಿಟ್ಟನು, ಉಳಿದುದು ಪರಿವ್ರಾಜಕರಿಗೆ. ತಂದೆಯ ಶಾಸನದಲ್ಲಿ ಕುದುರೆ, ಮಗನದರಲ್ಲಿ ಗ್ರಾಮ. ಅಶ್ವಮೇಧವು ಒಮ್ಮೆ ನಡೆದು ಮುಗಿಯುವ ಕರ್ಮ. ನಿತ್ಯಬಲಿಯು ಮುಗಿಯದಿರುವ ಕರ್ಮ, ಆದುದರಿಂದ ಅದಕ್ಕೆ ಮುಗಿಯದಿರುವ ಆದಾಯ ಬೇಕು. ಈ ಮೂವತ್ತೈದು ವರ್ಷಗಳ ಅಂತರದಲ್ಲಿ ಯಜಮಾನನಾಗಿದ್ದ ರಾಜನು ದಾತೃವಾಗತೊಡಗಿದನೆನ್ನಬಹುದು.

ಇಲ್ಲಿ ಶಾಸ್ತ್ರದ ಒಂದು ದೊಡ್ಡ ಆಕ್ಷೇಪವನ್ನು ಎದುರಿಸಬೇಕು. ಜೈಮಿನಿಯ ಒಂಬತ್ತನೆಯ ಅಧ್ಯಾಯದ ದೇವತಾಧಿಕರಣದಲ್ಲಿ ಶಬರಸ್ವಾಮಿಯು ದೇವತೆಗೆ ಶರೀರವಿಲ್ಲ, ಅದು ಉಣ್ಣುವುದಿಲ್ಲ, ಅದಕ್ಕೆ ಸ್ವತ್ತೂ ಇಲ್ಲವೆಂದು ನಿಷ್ಠುರವಾಗಿ ಸಿದ್ಧಾಂತ ಮಾಡಿರುತ್ತಾನೆ. ದೇವಗ್ರಾಮ, ದೇವಕ್ಷೇತ್ರವೆಂದು ಜನರು ಆಡುವುದು ಉಪಚಾರದ ಮಾತು. ಯಾವನು ತನ್ನಿಷ್ಟದಂತೆ ವಿನಿಯೋಗಿಸಬಲ್ಲನೋ ಅವನಿಗೆ ಆ ವಸ್ತುವು ಸ್ವವಾಗುತ್ತದೆ. ದೇವತೆಯು ಗ್ರಾಮವನ್ನಾಗಲಿ ಹೊಲವನ್ನಾಗಲಿ ತನ್ನಿಷ್ಟದಂತೆ ವಿನಿಯೋಗಿಸಿದುದನ್ನು ಕಂಡವರಿಲ್ಲ. ಅದರಿಂದ ಜೀವನ ನಡೆಯುವುದು ದೇವತೆಯ ಪರಿಚಾರಕರದು. ಇದನ್ನು ಒಪ್ಪಿದರೆ ನಾಡಿನ ತುಂಬ ನಿಂತಿರುವ ದಾನಶಾಸನಗಳ ಗತಿಯೇನು? ಲಿಂಗಕ್ಕೆ ಬಿಟ್ಟ ಮತ್ತರುಗಳು ಯಾರವು? ಮೀಮಾಂಸಕನ ಮಾತನ್ನು ನಾಸ್ತಿಕ್ಯವೆಂದು ತಳ್ಳಿಬಿಡುವುದು ಸುಲಭ; ಆದರೆ ಶಾಸನಗಳನ್ನು ಸಾವಧಾನವಾಗಿ ಓದಿದರೆ ಅವುಗಳನ್ನು ಬರೆಸಿದವರಿಗೆ ಈ ಆಕ್ಷೇಪವು ತಿಳಿಯದಿರಲಿಲ್ಲವೆಂದು ತೋರುತ್ತದೆ. ದೇವರ ಹೆಸರನ್ನು ಹೇಳಿದರೂ ಅವರು ಧಾರೆಯನ್ನೆರೆಯುವುದು ಸ್ಥಾನಾಚಾರ್ಯನ ಕೈಗೆ, ಅವನ ಕಾಲುಗಳನ್ನು ತೊಳೆದು. ಈಜಿಪ್ತದ ಅರಸನು ಅರ್ಚಕನ ಕಾಲು ತೊಳೆದ ಚಿತ್ರವಿಲ್ಲ. ಅರ್ಚಕನು ಅವನ ಭೃತ್ಯನು. ಇಲ್ಲಿ ಚಕ್ರವರ್ತಿಯು ಬಾಗುತ್ತಾನೆ.

ಈ ಭಾಗದ ಶಾಸನಗಳಲ್ಲೆಲ್ಲ ವಿಷಯಕ್ಕೆ ಅತ್ಯಂತ ಉಪಕಾರಿಯಾದುದು ತಿಕೋಟಾ ತಾಲೂಕಿನ ಹೊನವಾಡದ್ದು. ಫ್ಲೀಟ್ ಸಾಹೇಬರು ಅದನ್ನು ‘ಇಂಡಿಯನ್ ಆಂಟಿಕ್ವೆರಿ’ಯ ಹತ್ತೊಂಬತ್ತನೆಯ ಸಂಪುಟದಲ್ಲಿ 1890ರಲ್ಲಿ ಪ್ರಕಟಿಸಿದರು. ಅದರ ಕಾಲ ಶಕ 976, ಜಯ ಸಂವತ್ಸರದ ವೈಶಾಖ ಅಮಾವಾಸ್ಯೆ, ಸೂರ್ಯಗ್ರಹಣ; ಎಂದರೆ ಕ್ರಿ. ಶ. 1054. ಆಳುವ ಚಕ್ರವರ್ತಿ ತ್ರೈಲೋಕ್ಯಮಲ್ಲ ಒಂದನೆಯ ಸೋಮೇಶ್ವರ. ಪೊನ್ನವಾಡವೆಂಬ ಈ ಅಗ್ರಹಾರವನ್ನು ಆಗ ಆಳುತ್ತಿದ್ದವಳು ಅವನ ರಾಣಿ ಕೇತಲದೇವಿ. ಅವಳ ಅಧಿಕಾರಿಯಾಗಿದ್ದ ವಾನಸಕುಲದ ಚಾಂಕಿರಾಜನು ಮಹಾಸೇನ ಮುನಿಯ ಶಿಷ್ಯನು, ಜೈನನು. ಅವನು ಅಲ್ಲಿ ತ್ರಿಭುವನತಿಲಕವೆಂಬ ಚೈತ್ಯಾಲಯದಲ್ಲಿ ಶಾಂತಿನಾಥ, ಪಾರ್ಶ್ವನಾಥ, ಸುಪಾರ್ಶ್ವನಾಥರನ್ನು ನೆಲೆಗೊಳಿಸಿದನು. ಆದರೆ ಆ ಬಸದಿಗೆ ಭೂಮಿಯನ್ನು ಕೊಟ್ಟವನು ಚಾಂಕಿರಾಜನಲ್ಲ, ಕೇತಲದೇವಿಯೂ ಅಲ್ಲ. ದೇವಿಯು ಬಿನ್ನವಿಸಿದಳು, ಚಕ್ರವರ್ತಿಯು ಕೊಟ್ಟನು.

ಈ ಮೂರು ಮೆಟ್ಟಿಲುಗಳನ್ನು ಓದುಗರು ಲಕ್ಷ್ಯವಿಟ್ಟು ನೋಡಬೇಕು. ಕಲ್ಲನ್ನು ಕಡಿಯಿಸಿ ನಿಲ್ಲಿಸಲು ಅಧಿಕಾರಿಗೆ ಸ್ವಾತಂತ್ರ್ಯವಿದೆ. ಊರನ್ನು ಆಳುತ್ತಿದ್ದ ರಾಣಿಗೆ ಬಿನ್ನಹದ ಅಧಿಕಾರವಿದೆ. ನೆಲವು ಮಾತ್ರ ಅರಸನ ಬಾಯಿಂದ ಬರಬೇಕು. ಇದು ರಾಜದಾಕ್ಷಿಣ್ಯದ ಶಿಷ್ಟಾಚಾರವೆಂದು ತಿಳಿಯಬಾರದು. ಸೋಮೇಶ್ವರನ ಮಗ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (1076–1126) ಅದೇ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ಮಿತಾಕ್ಷರವನ್ನು ರಚಿಸಿದನು. ರಾಜನು ಭೂಮಿಯನ್ನು ಕೊಟ್ಟಾಗ ಮುಂದೆ ಬರುವ ಸಾಧುನೃಪರ ತಿಳಿವಿಗಾಗಿ ಪಟದ ಮೇಲೋ ತಾಮ್ರಪಟ್ಟದ ಮೇಲೋ ತನ್ನ ವಂಶ, ಪ್ರತಿಗ್ರಹೀತೃ, ಭೂಪರಿಮಾಣ, ಎಲ್ಲೆ, ಕಾಲ, ಮುದ್ರೆಗಳೊಡನೆ ಬರೆಸಬೇಕೆಂಬ ಯಾಜ್ಞವಲ್ಕ್ಯನ ವಿಧಿಗೆ ವ್ಯಾಖ್ಯಾನ ಮಾಡುವಲ್ಲಿ ಅವನು ಒಂದು ಮಾತನ್ನು ಸೇರಿಸುತ್ತಾನೆ: ಭೂಮಿದಾನದಲ್ಲಿಯೂ ನಿಬಂಧದಾನದಲ್ಲಿಯೂ ಭೂಪತಿಗೇ ಅಧಿಕಾರ, ಭೋಗಪತಿಗಿಲ್ಲ. ಭೋಗಪತಿಯೆಂದರೆ ನಾಡಿನ ಅಥವಾ ಊರಿನ ಉತ್ಪನ್ನವನ್ನುಣ್ಣುವ ಅಧಿಕಾರಿ. ಪೊನ್ನವಾಡದ ಮಟ್ಟಿಗೆ ಕೇತಲದೇವಿಯ ಸ್ಥಾನವು ಅದೇ. ವಿಜ್ಞಾನೇಶ್ವರನ ವಾಕ್ಯವು ಸ್ಮೃತಿಯ ಅಕ್ಷರಗಳಿಂದ ಎಳೆದು ತೆಗೆದುದಲ್ಲ, ಚಾಳುಕ್ಯರಾಜ್ಯದಲ್ಲಿ ನಡೆದುಬಂದ ವ್ಯವಹಾರವನ್ನೇ ಕಂಡು ಬರೆದುದೆಂಬುದಕ್ಕೆ ಅವನಿಗಿಂತ ಹಿಂದಿನದಾದ ಈ ಕಲ್ಲೇ ಸಾಕ್ಷಿ. ಸಂಸ್ಕೃತ ಗ್ರಂಥಗಳನ್ನೋದುವವರು ಶಾಸನಗಳನ್ನೂ, ಶಾಸನಗಳನ್ನೋದುವವರು ಗ್ರಂಥಗಳನ್ನೂ ಬದಿಗಿಟ್ಟುದರಿಂದ ಇಂತಹ ಸಂವಾದಗಳು ಎಷ್ಟೋ ಮರೆಯಾಗಿ ಉಳಿದಿವೆ.

ಹೊನವಾಡದ ದಾನದಲ್ಲಿ ಇನ್ನೊಂದು ವಿಶೇಷವುಂಟು. ಪ್ರತಿಗ್ರಹಿಸುವ ದೇವರು ಜಿನನು. ಜಿನನು ವೀತರಾಗನು; ಹಸಿವಿಲ್ಲ, ಬಯಕೆಯಿಲ್ಲ; ಕೊಟ್ಟವನ ಮೇಲೆ ಪ್ರಸನ್ನನಾಗುವುದೂ ಇಲ್ಲ, ಕೊಡದವನ ಮೇಲೆ ಮುನಿಯುವುದೂ ಇಲ್ಲ. ಶಬರನು ವೈದಿಕ ದೇವತೆಗಳ ವಿಷಯದಲ್ಲಿ ತರ್ಕದಿಂದ ಸಾಧಿಸಿದುದು ಬಸದಿಯಲ್ಲಿ ಸಿದ್ಧಾಂತವಾಗಿಯೇ ಇರುತ್ತದೆ. ಹೀಗಿದ್ದರೂ ಶೈವ ದೇವಾಲಯಕ್ಕೆ ಬಿಡುವ ರೀತಿಯಲ್ಲಿಯೇ ಬಸದಿಗೂ ನೆಲವನ್ನು ಬಿಡುತ್ತಿದ್ದರು: ದೇವರ ಅರ್ಚನೆ, ಋಷಿಗಳ ಆಹಾರದಾನ, ಜೀರ್ಣೋದ್ಧಾರ. ಕೊಟ್ಟವನಾದರೋ ಜೈನನಲ್ಲ, 1068ರಲ್ಲಿ ಕುರುವತ್ತಿಯ ಬಳಿ ತುಂಗಭದ್ರೆಯಲ್ಲಿ ಮುಳುಗಿ ಶಿವಸಾಯುಜ್ಯವನ್ನು ಬಯಸಿದ ಸೋಮೇಶ್ವರನು. ಊರು ಬ್ರಾಹ್ಮಣರ ಅಗ್ರಹಾರ. ಉಣ್ಣದ ದೇವರಿಗೆ, ಬೇರೆ ಮತದ ಅರಸನು, ಮೂರನೆಯ ಮತದವರ ಊರಿನಲ್ಲಿ ನೆಲವನ್ನು ಕೊಡುತ್ತಾನೆಂದಾಗ ದಾನದ ಸಾರವು ದೇವರನ್ನು ಉಣಿಸುವುದರಲ್ಲಿ ಇರಲಾರದು. ಸಾರವು ಬಿಡುವುದರಲ್ಲಿದೆ. ‘ಕೊಟ್ಟನು’ ಎಂಬುದಕ್ಕೆ ಶಾಸನಗಳಲ್ಲಿ ‘ಬಿಟ್ಟನು’ ಎಂಬ ಪ್ರಯೋಗವು ಎಷ್ಟು ಸಾಮಾನ್ಯವೆಂಬುದನ್ನು ನೆನೆಯಬೇಕು. ಯಾಗವೆಂದರೆ ದೇವತೆಯನ್ನುದ್ದೇಶಿಸಿ ದ್ರವ್ಯವನ್ನು ತ್ಯಜಿಸುವುದೆಂದು ಮೀಮಾಂಸಕರು ಮಾಡಿದ ಲಕ್ಷಣದಲ್ಲಿಯೂ ದೇವತೆಯ ಊಟದ ಮಾತಿಲ್ಲ; ತ್ಯಾಗದ ಮಾತಿದೆ. ಅರಸನು ತನಗೆ ಬರತಕ್ಕ ಭೋಗದಿಂದ ಕೈಯನ್ನು ಹಿಂದೆಗೆದುಕೊಳ್ಳುತ್ತಾನೆ. ಸರ್ವಬಾಧಾಪರಿಹಾರ, ಸರ್ವನಮಸ್ಯ ಎಂಬ ವಿಶೇಷಣಗಳ ತಾತ್ಪರ್ಯವಿದೇ: ಆ ನೆಲಕ್ಕೆ ತೆರಿಗೆಯವನೂ ಭಟನೂ ಕಾಲಿಡುವಂತಿಲ್ಲ, ಎಲ್ಲರೂ ಕೈಮುಗಿಯತಕ್ಕದ್ದು.

ಹಾಗಾದರೆ ಇದರಿಂದ ರಾಜಾಧಿಕಾರವು ಕುಗ್ಗಿತೇ, ಬೆಳೆಯಿತೇ? ಎರಡೂ ಆಯಿತೆನ್ನಬೇಕು. ಭೋಗಪತಿಗಳು ಯಾರೂ ಬಿಡಲಾರದುದನ್ನು ತಾನೊಬ್ಬನೇ ಬಿಡಬಲ್ಲೆನೆಂದು ತೋರಿಸಿದಾಗ ಚಕ್ರವರ್ತಿಯು ನಾಡಿನ ಮೂಲೆಮೂಲೆಯಲ್ಲಿ ತನ್ನ ಭೂಪತಿತ್ವವನ್ನು ಕಲ್ಲಿನಲ್ಲಿ ನಿಲ್ಲಿಸಿದಂತಾಯಿತು. ಹೊನವಾಡದ ಬಸದಿಗೆ ಹೋದ ಪ್ರತಿಯೊಬ್ಬ ಶ್ರಾವಕನೂ ಮೊದಲು ಓದುವುದು ಅಥವಾ ಓದಿಸಿ ಕೇಳುವುದು ಚಾಳುಕ್ಯಾಭರಣನ ಬಿರುದುಗಳನ್ನೇ. ಆದರೆ ಒಮ್ಮೆ ಬಿಟ್ಟುದು ಮರಳಿ ಬರುವುದಿಲ್ಲ. ಡೋಣಿಯ ಕೊಳ್ಳದ ಎರೆನೆಲದಲ್ಲಿ, ಎಂದರೆ ಇಂದಿನ ಸಾರವಾಡ ಬಬಲೇಶ್ವರಗಳ ಸುತ್ತಿನ ಜೋಳದ ಭೂಮಿಯಲ್ಲಿ, ನೂರು ಮತ್ತರು ಎಂಬುದು ಅಲ್ಪವಲ್ಲ. ಈಜಿಪ್ತದಲ್ಲಿ ಇದರ ಪರಿಣಾಮವು ಲೆಕ್ಕಸಹಿತವಾಗಿ ಉಳಿದಿದೆ. ಮೂರನೆಯ ರಾಮ್ಸೆಸ್ ಅರಸನು ಥೀಬ್ಸ್, ಹೆಲಿಯೊಪೊಲಿಸ್, ಮೆಂಫಿಸ್‌ಗಳ ದೇವರಿಗೆ ಕೊಟ್ಟುದರ ಪಟ್ಟಿಯನ್ನು ಅವನು ತೀರಿದ ಮೇಲೆ, ಕ್ರಿ. ಪೂ. 1150ರ ಸುಮಾರಿಗೆ, ಅವನ ಮಗನ ಕಾಲದಲ್ಲಿ ಬರೆದ ಸುರುಳಿಯು ಬ್ರಿಟಿಷ್ ಮ್ಯೂಜಿಯಮಿನಲ್ಲಿದೆ; ಅದರ ಉದ್ದ ನಾಲ್ವತ್ತು ಮೀಟರಿಗೂ ಮಿಕ್ಕಿದೆ. ಅಲ್ಲಿಂದ ಒಂದು ಶತಮಾನ ಕಳೆಯುವುದರೊಳಗೆ ಥೀಬ್ಸಿನಲ್ಲಿ ಅಮುನ್ ದೇವರ ಮಹಾಪೂಜಾರಿಗಳು ತಾವೇ ರಾಜಬಿರುದುಗಳನ್ನು ಧರಿಸುವಷ್ಟು ಬಲಿತರು. ಕರ್ನಾಟಕದಲ್ಲಿ ಹಾಗಾಗಲಿಲ್ಲ, ಏಕೆಂದರೆ ಇಲ್ಲಿ ಒಂದು ಅಮುನ್ ಇರಲಿಲ್ಲ. ದಾನವು ಸಾವಿರ ಗುಡಿ, ಬಸದಿ, ಅಗ್ರಹಾರಗಳಿಗೆ ಹಂಚಿಹೋಯಿತು.

ಅರಸನೊಬ್ಬನೇ ಕೊಡುವವನೆಂಬ ಮಿತಾಕ್ಷರದ ಮಾತು ಪೂರ್ಣವಾಗಿ ನಡೆಯಿತೆಂದೂ ಹೇಳುವಂತಿಲ್ಲ. ನಿಬಂಧವೆಂದರೇನೆಂಬುದಕ್ಕೆ ವಿಜ್ಞಾನೇಶ್ವರನು ಕೊಟ್ಟ ಉದಾಹರಣೆಯು ಒಂದು ಹೇರು ಭಾಂಡಕ್ಕೆ ಇಷ್ಟು ಹಣ, ಒಂದು ಹೇರು ಎಲೆಗೆ ಇಷ್ಟು ಎಲೆ ಎಂಬುದು. ಎಲೆಯ ಹೇರಿಗೆ ಇಷ್ಟೆಲೆ, ಗಾಣಕ್ಕೆ ಇಷ್ಟು ಸೊಡರೆಣ್ಣೆ ಎಂದು ಕನ್ನಡ ಶಾಸನಗಳಲ್ಲಿ ಓದುವುದು ಇದನ್ನೇ. ಆದರೆ ಅಲ್ಲಿ ಹೀಗೆ ಬಿಡುವವರು ಅನೇಕವೇಳೆ ಅರಸನಲ್ಲ. ನಗರದ ಸೆಟ್ಟಿಗಳು, ಅಯ್ಯಾವೊಳೆಯ ಅಯ್ನೂರ್ವರು, ತೆಲ್ಲಿಗರು, ಊರೊಕ್ಕಲು. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆಗಳ ಅಧಿಕಾರಿಗಳೂ ಸುಂಕದ ಪಾಲನ್ನು ಬಿಡುತ್ತಾರೆ. ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ಇದು ಇನ್ನೂ ಹಿಂದೆಯೇ ಕಾಣುತ್ತದೆ. ಶಕ 867ರಲ್ಲಿ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ತ್ರೈಪುರುಷದೇವರ ಶಾಲೆಗೆ ನಾನಾ ದೇಶಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರಿಗಾಗಿ 27 ಮನೆಗಳಿದ್ದವು. ಊರವರು ಮದುವೆ, ಉಪನಯನ, ಚೌಲಗಳಲ್ಲಿ ನಿಯತವಾದ ಕಾಣಿಕೆಯನ್ನು ಸಲ್ಲಿಸುವ ಕಟ್ಟಳೆಯಾಯಿತು. ಮನೆಯ ಮದುವೆಯ ಹಂದರದಿಂದ ದೇವರ ಶಾಲೆಗೆ ಹೋಗುವ ಹಣಕ್ಕೆ ಚಕ್ರವರ್ತಿಯ ಕೈ ನಡುವೆ ಬೇಕಾಗಿರಲಿಲ್ಲ. ಈಜಿಪ್ತದ ಸೂತ್ರಕ್ಕೂ ಈ ನಾಡಿನ ಪದ್ಧತಿಗೂ ಇರುವ ಭೇದವು ಇಲ್ಲಿ ಪೂರ್ತಿಯಾಗಿ ಹೊರಬೀಳುತ್ತದೆ.

ಅರ್ಪಣೆಯನ್ನು ಅರಸನಿಂದ ನಿಜವಾಗಿ ಬಿಡಿಸಿದವರಾದರೋ ಹನ್ನೆರಡನೆಯ ಶತಮಾನದ ಶರಣರು. ತಿಕೋಟಾ ತಾಲೂಕಿನದೇ ಆದ ಬಾಬಾನಗರದ 1161ರ ಶಾಸನದಲ್ಲಿ ಕಳಚುರ್ಯ ಬಿಜ್ಜಳನ ಆಳಿಕೆಯಲ್ಲಿ ಬಸದಿಗೆ ದಾನ ನಡೆದಿರುವುದು ಹಿಂದಿನ ಕ್ರಮದಂತೆಯೇ. ಅದೇ ಬಿಜ್ಜಳನ ಭಂಡಾರವನ್ನು ನೋಡಿಕೊಂಡಿದ್ದವರೆಂದು ಪ್ರಸಿದ್ಧರಾದ, ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಈ ಕ್ರಮದ ಹೊರಗೆ ನಿಂತು ವಿಚಾರಿಸಿದರು. ಸ್ಥಾವರಕ್ಕೆ ಅಂಗಭೋಗವಿದ್ದಂತೆ ಇಷ್ಟಲಿಂಗಕ್ಕೆ ಮತ್ತರುಗಳ ಭೋಗವಿಲ್ಲ. ಕಾಯಕದಿಂದ ಬಂದುದನ್ನು ಲಿಂಗಕ್ಕರ್ಪಿಸಿ ಜಂಗಮಕ್ಕೆ ನೀಡಿ ಪ್ರಸಾದವಾಗಿ ಕೊಳ್ಳುವುದಷ್ಟೆ. ಅರ್ಪಿತವಲ್ಲದ್ದನ್ನು ಮುಟ್ಟಬಾರದೆಂಬ ನಿಯಮವು ಇದರಿಂದ ಸಡಿಲವಾಗಲಿಲ್ಲ, ಬಿಗಿಯಾಯಿತು. ಆದರೆ ಅದಕ್ಕೆ ಭೂಪತಿಯ ಮುದ್ರೆಯ ಅವಶ್ಯಕತೆಯಿಲ್ಲದಾಯಿತು. ಕಲ್ಯಾಣದಲ್ಲಿ ಉಂಟಾದ ಘರ್ಷಣೆಗೆ ಕುಲವಿಚಾರವನ್ನೂ ಮತವಿಚಾರವನ್ನೂ ಕಾರಣವಾಗಿ ಹೇಳುವುದು ವಾಡಿಕೆ. ದಾನದ ಅಧಿಕಾರದ ಈ ಪ್ರಶ್ನೆಯನ್ನೂ ಅವುಗಳ ಜೊತೆಗೆ ಎಣಿಸಬೇಕಾದೀತು.

ಇನ್ನು ವಿಜಯಪುರ ನಗರದ ಮಾತು. 2014ರಲ್ಲಿ ಸರಕಾರವು ಮರಳಿ ಸ್ಥಾಪಿಸಿದ ಈ ಹೆಸರು ಶಕ 996ರ (ಕ್ರಿ. ಶ. 1074) ಶಾಸನದಲ್ಲಿಯೇ ಇದೆ. ಭುವನೈಕಮಲ್ಲ ಎರಡನೆಯ ಸೋಮೇಶ್ವರನ ಕಾಲದಲ್ಲಿ ದಂಡನಾಯಕ ನಾಕಿಮಯ್ಯನು ಇಲ್ಲಿ ಸ್ವಯಂಭು ಸಿದ್ಧೇಶ್ವರ ದೇವರ ಗುಡಿಯನ್ನು ಕಟ್ಟಿಸಿದನು. ದೇವರ ಪೂಜೆಗೂ ತಪೋಧನರ ಅಶನಕ್ಕೂ 300 ಮತ್ತರು ಭೂಮಿಯು ಸಂದಿತು. ಇಂತಹ ಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯಗಳನ್ನು ಎಲ್ಲರೂ ಬಲ್ಲರು: ಧರ್ಮವನ್ನಳಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ, ಅರುವತ್ತು ಸಾವಿರ ವರ್ಷ ಕ್ರಿಮಿಜನ್ಮ. ಈಜಿಪ್ತದ ಒಂದನೆಯ ಸೇತಿಯು ಅಬಿದೊಸ್ ದೇವಾಲಯದ ಆಸ್ತಿಯನ್ನು ರಕ್ಷಿಸಲು ನೌರಿಯ ಬಂಡೆಯಲ್ಲಿ ಬರೆಸಿದ ಶಾಸನದಲ್ಲಿ ದಂಡವು ಇಹದಲ್ಲಿಯೇ ಇದೆ: ನೂರು ಏಟು, ಮೂಗು ಕಿವಿಗಳನ್ನು ಕೊಯ್ಯುವುದು. ಚಾಳುಕ್ಯರು ಮೃದುಹೃದಯರಾಗಿದ್ದರೆಂದು ಇದರಿಂದ ತಿಳಿಯಬಾರದು. ಸೇತಿಯು ತನ್ನ ಅಧಿಕಾರಿಗಳನ್ನು ಹೆದರಿಸುತ್ತಾನೆ. ಚಾಳುಕ್ಯನು ಮುಂದಿನ ಅರಸರನ್ನು ಬೇಡಿಕೊಳ್ಳುತ್ತಾನೆ. ತನ್ನ ಆಜ್ಞೆಯು ನಿಲ್ಲುವಲ್ಲಿಂದ ಆಚೆಗೆ ಬರುವ ಅರಸನಿಗೆ ಪರಲೋಕದ ಭಯವಲ್ಲದೆ ಬೇರೆ ಯಾವ ದಂಡವನ್ನು ವಿಧಿಸಬಹುದು? ಯಾಜ್ಞವಲ್ಕ್ಯನು ಶಾಸನವನ್ನು ಬರೆಸಲು ಹೇಳಿದುದು ಆಗಾಮಿ ನೃಪರಿಗಾಗಿಯೇ. ಅವರು ಸಾಧುಗಳಾಗಿರಲೆಂಬ ವಿಶೇಷಣವನ್ನು ಸೇರಿಸಿದುದು ಅವನ ದೂರದೃಷ್ಟಿ.

ಆ ಆಗಾಮಿ ನೃಪರು ಬಂದರು. 1320ರಲ್ಲಿ ಮಲಿಕ್ ಕರೀಮುದ್ದೀನನು ಅರಕಿಲ್ಲೆಯಲ್ಲಿ ದೇಗುಲಗಳ ಕಂಬಗಳಿಂದ ಮಸೀದಿಯನ್ನು ಕಟ್ಟಿಸಿದನು. ಅದನ್ನು ಕಟ್ಟಿದ ಶಿಲ್ಪಿಯ ಹೆಸರು ರೇವಯ್ಯ, ಅವನ ಊರು ತ್ರೈಪುರುಷದೇವರ ಆ ಸಾಲೋಟಗಿಯೇ. ಆದಿಲಶಾಹಿಗಳ ಕಾಲದಲ್ಲಿ ಕೋಟೆಯ ಬಾಗಿಲಿಗೂ ಹಳೆಯ ಕಂಬಗಳು ಸಂದುವು. ಅವುಗಳ ಮೇಲಿನ ಚಾಳುಕ್ಯರ ಕನ್ನಡ ಅಕ್ಷರಗಳನ್ನು ಯಾರೂ ಕೆತ್ತಿ ತೆಗೆಯಲಿಲ್ಲ. ಮುಂದೆ 1848ರಲ್ಲಿ ಸಾತಾರೆಯ ಸಂಸ್ಥಾನದೊಡನೆ ಈ ಸೀಮೆಯು ಕಂಪನಿಯ ಕೈಸೇರಿತು. 1852ರ ಹನ್ನೊಂದನೆಯ ಕಾಯಿದೆಯಂತೆ ಇನಾಮು ಭೂಮಿಗಳ ಹಕ್ಕನ್ನು ಶೋಧಿಸಲು ಅಧಿಕಾರಿಗಳು ನೇಮಕವಾದಾಗ ಅವರು ಕೇಳಿದುದು ಕಾಗದದ ಸನದುಗಳನ್ನು ಮತ್ತು ವಹಿವಾಟಿನ ಪುರಾವೆಯನ್ನು. ಸ್ವಯಂಭು ಸಿದ್ಧೇಶ್ವರನ 300 ಮತ್ತರುಗಳ ಶಾಸನವು ಅಷ್ಟು ಹೊತ್ತಿಗೆ ಬಾಗಿಲಿನ ಭಾರವನ್ನು ಹೊತ್ತುಕೊಂಡು ಕೆಲವು ಶತಮಾನಗಳೇ ಆಗಿದ್ದವು. ಅದನ್ನು ಮತ್ತೆ ಓದಿದವರು ಅರಸರಲ್ಲ, ಲಿಪಿಜ್ಞರು.